ನೀಲಾ ಅಕ್ಕೋರು ಹಾಡದ ಆಲಾಪ

ನೀಲಾ ಅಕ್ಕೋರ ದನಿ, ಒಣಗಿದ ತೇಗದೆಲೆಗಳ ಮೇಲೆ ಯಾರೋ ನಡೆದಂತೆ ಕೇಳಿಸುತ್ತಿತ್ತು. ಮೊದಲ ಸಲ ಕೇಳಿದವರು ನೆಗಡಿಯಾಗಿರಬೇಕೆಂದು ಶುಂಠಿ ಕಷಾಯ ಹೇಳಿಕೊಡುತ್ತಿದ್ದರು. ಅವರು ನಕ್ಕು, "ಈ ನೆಗಡಿ ಭಾಳ ಹಳೇದೈತ್ರಿ, ಹೋಗೂದಿಲ್ಲ" ಎನ್ನುತ್ತಿದ್ದರು.

ಮುಂಡಗೋಡದ ಹತ್ತಿರದ ಸನವಳ್ಳಿಯ ಒಕ್ಕಲುತನದ ಮನೆಯ ಮಗಳು. ಧಾರವಾಡದಲ್ಲಿ ಗುರುಗಳ ಮನೆಯಲ್ಲಿದ್ದು ಹಿಂದೂಸ್ತಾನಿ ಕಲಿತಿದ್ದರು. ಕಛೇರಿಗಳಿಗೆ ಕರೆ ಬರತೊಡಗಿದ್ದ ದಿನಗಳಲ್ಲೇ ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಹೋಯಿತು, ಅದರ ಹಿಂದೆಯೇ ದನಿಯೂ. ಗಂಡನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಓಣಿಗೆ ಬಂದ ಮೇಲೆ ಬಹಳ ಕಾಲ ಅವರು ತಂಬೂರಿಯ ಗವಸು ಬಿಚ್ಚಲಿಲ್ಲ.

ನಾನು ಪಕ್ಕದ ಮನೆಯವಳು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದೆ. ಗೋಡೆಯಾಚೆಯಿಂದ ಹಾರ್ಮೋನಿಯಂ ಪೇಟಿಯ ಸ್ವರ ಕೇಳಿತು. ಅದು ನನ್ನ ಹಾಡಲ್ಲ, ಅದರ ಮೇಲಿನ ಮತ್ತೊಂದು ಎಳೆ. ಎರಡೂ ಒಂದಕ್ಕೊಂದು ತಾಗದೆ, ಬಿಟ್ಟೂ ಹೋಗದೆ ಜೊತೆಗೆ ಸಾಗಿದವು. ಬೆರಗಾಗಿ ನಿಲ್ಲಿಸಿದೆ.

"ನಿಂದರಬ್ಯಾಡವಾ, ಹಾಡ!" ಎಂದಿತು ಒಡಕು ದನಿ.

ಅಲ್ಲಿಂದ ಅವರು ಹಾಡು ಕಟ್ಟತೊಡಗಿದರು, ಒಬ್ಬರಿಗಲ್ಲ, ಹಲವು ದನಿಗಳಿಗೆ. ಓಣಿಯ ಹೆಂಗಸರು ಸೇರಿದೆವು. ಪೇಟಿಯಲ್ಲಿ ನುಡಿಸಿ ತೋರಿಸಿ, ಉಳಿದದ್ದನ್ನೆಲ್ಲ ಕೈಯಿಂದಲೇ ಹೇಳುತ್ತಿದ್ದರು. ಅಂಗೈ ಮಗುಚಿದರೆ ನಮ್ಮ ದನಿ ತಗ್ಗುತ್ತಿತ್ತು, ಬೆರಳು ಅರಳಿದರೆ ಏರುತ್ತಿತ್ತು. "ಇದೇನ್ರಿ, ಭಜನಿ ಮಂಡಳಿ?" ಎಂದು ಒಬ್ಬರು ಚೇಷ್ಟೆ ಮಾಡಿದಾಗ ಅಕ್ಕೋರು ಸಿಟ್ಟಾಗಲಿಲ್ಲ. "ಭಜನ್ಯಾಗ ಎಲ್ಲಾರೂ ಒಂದ ದಾರಿ ಹಿಡೀತಾರ. ನಮ್ಮದು ನಾಕು ದಾರಿ ಐತ್ರಿ, ಮುಟ್ಟೂ ಊರು ಒಂದ."

ಅವರ ದೊಡ್ಡ ರಚನೆ ಕಾಳಿ ನದಿಯದು. ಅದನ್ನು ಕಟ್ಟುವಾಗ ಸಂಜೆ ನಮ್ಮನ್ನು ದಂಡೆಗೆ ಕರೆದೊಯ್ದು ಸುಮ್ಮನೆ ಕೂಡ್ರಿಸುತ್ತಿದ್ದರು. "ಕೇಳ್ರಿ. ಕಲ್ಲಿನ ಹಂತ್ಯಾಕ ಒಂದ ನಮೂನಿ, ಮಡುವಿನ್ಯಾಗ ಒಂದ ನಮೂನಿ. ಹೊಳಿ ಒಂದ, ದನಿ ಎಷ್ಟ ಅದಾವ!" ನೀರಿನಿಂದೆದ್ದ ಮಂಜು ಆಚೆ ದಡದ ಮರಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದಿಗೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಒಲೆ ಹೊತ್ತಿಸಬೇಕು, ಮಕ್ಕಳು ಕಾಯುತ್ತಿರುತ್ತಾರೆ ಎಂಬುದೆಲ್ಲ ನಮಗೆ ಮರೆತೇ ಹೋಗುತ್ತಿತ್ತು.

ಆ ರಚನೆಯ ನಡುವೆ ಒಂದೇ ದನಿಯ ದೀರ್ಘ ಆಲಾಪ. ಉಳಿದವರು ಅದಕ್ಕೆ ಉತ್ತರ ಕೊಡಬೇಕು. ಆಟೋ ಓಡಿಸುವವರ ಮನೆಯ ಫರೀದಾಳಿಗೆ ಅದನ್ನು ಕಲಿಸಿದ್ದರು. ಅಷ್ಟೆತ್ತರಕ್ಕೆ ಬೇರೆ ಯಾರ ದನಿಯೂ ಹೋಗುತ್ತಿರಲಿಲ್ಲ. ಹಳಿಯಾಳದಲ್ಲಿ ಮೊದಲ ಕಾರ್ಯಕ್ರಮ. ಧಾರವಾಡದ ಆ ಗುರುಗಳು, ಆಗಲೇ ತೀರ ವೃದ್ಧರು, ಮುಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಅವತ್ತೇ ಫರೀದಾಳ ಗಂಟಲು ಕಟ್ಟಿತು. ಮಾತೇ ಹೊರಡದು, ಬರೀ ಕಣ್ಣೀರು.

"ಅಕ್ಕೋರ, ಇನ್ನೊಂದ ದಿನ ಇಟ್ಕೊಳ್ಳೂಣ್ರಿ" ಎಂದೆ ನಾನು.

"ಬ್ಯಾಡ. ಆಕೀ ಜಾಗಾ ಹಂಗ ಖಾಲಿ ಬಿಡೂಣು. ನೀವು ನಿಮ್ಮ ಜವಾಬು ಕೊಡ್ರಿ."

ಆಲಾಪ ಬಂತು. ಅಕ್ಕೋರು ಕಣ್ಣು ಮುಚ್ಚಿ ಬಲಗೈಯನ್ನು ಮೆಲ್ಲಗೆ ಎತ್ತಿ, ಇಲ್ಲದ ಹಾಡುಗಾತಿಗೆ ಸ್ವರ ತೋರಿಸತೊಡಗಿದರು. ತಂಬೂರಿಯ ಹೊರತು ಸದ್ದಿಲ್ಲ. ಕೈ ನಿಂತಲ್ಲಿ ನಾವು ಉತ್ತರ ಕೊಟ್ಟೆವು. ಮತ್ತೆ ಮೌನ, ಮತ್ತೆ ಉತ್ತರ. ಆಣೆ ಮಾಡಿ ಹೇಳುತ್ತೇನೆ, ಆ ಮೌನದಲ್ಲಿ ನನಗೊಂದು ದನಿ ಕೇಳಿಸಿತು. ಫರೀದಾಳದಲ್ಲ. ತುಂಬಿದ, ಹರೆಯದ, ಎಲ್ಲೂ ಒಡೆಯದ ದನಿ.

ಮುಗಿದ ಮೇಲೆ ಗುರುಗಳು ಕೋಲೂರಿಕೊಂಡು ಹತ್ತಿರ ಬಂದರು. "ನೀಲಾ, ಭಾಳ ವರ್ಷದ ಮ್ಯಾಲೆ ನಿನ್ನ ಹಾಡು ಕೇಳಿದೆ ನೋಡವಾ." ಅಕ್ಕೋರು ಅವರ ಪಾದದ ಮೇಲೆ ತಲೆಯಿಟ್ಟವರು ಬಹಳ ಹೊತ್ತು ಏಳಲಿಲ್ಲ.

ಗಂಡ ನಿವೃತ್ತರಾದ ಮೇಲೆ ಅಕ್ಕೋರು ಸನವಳ್ಳಿಗೆ ಮರಳಿದರು. ಈ ವರ್ಷ ಯುಗಾದಿಗೆ ಮುಂಚೆ ತೀರಿಕೊಂಡರು. ಅದಕ್ಕೆ ಸ್ವಲ್ಪ ದಿನ ಮೊದಲು ನಾವೆಲ್ಲ ಮುಂಡಗೋಡದ ಬಸ್ಸು ಹಿಡಿದು ನೋಡಲು ಹೋಗಿದ್ದೆವು. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಕಾಳಿ ಹಾಡ್ರಿ" ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿ, ಒಟ್ಟಿಗೆ ಉಸಿರೆಳೆದು ಎತ್ತಿಕೊಂಡೆವು. ಆಲಾಪವನ್ನು ಫರೀದಾ ಹಾಡಿದಳು. ಮುಗಿದಾಗ ಹಿತ್ತಲಲ್ಲಿ ಬಿಸಿಲು ಇಳಿಯುತ್ತಿತ್ತು.

"ಕೈ ಯಾರು ತೋರಿಸಿದ್ರು?"

"ಯಾರೂ ಇಲ್ರಿ, ಅಕ್ಕೋರ" ಎಂದಳು ಫರೀದಾ.

"ಹಂಗಾರ ಇನ್ನ ಮ್ಯಾಲೆ ನಾ ಬರೇ ಕೇಳಾಕಿ" ಎಂದು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ಇನ್ನೊಂದ ಸಲ ಹಾಡ್ರಿ."