ಗಂಡು ನಗ್ತಾನಾ, ನೋಡು ಅಜ್ಜಿ

ಸತ್ಯ ಹೇಳಿ, ನೀವು ಬಾಯಿ ತುಂಬಾ ನಕ್ಕು ಎಷ್ಟು ಕಾಲ ಆಯ್ತು? (ಹಲ್ಲಿನ ಡಾಕ್ಟರ್ ಮುಂದೆ ಬಾಯಿ ತೆಗೆದಿದ್ದು ಲೆಕ್ಕಕ್ಕಿಲ್ಲ.)

ಮೊಬೈಲಲ್ಲಿ ನೀವು ನಗೋದು ನಂಗೊತ್ತು. ಟೈಪ್ ಮಾಡೋದು ಕಲಿತ ಮೇಲೆ ನಾನೂ ಎಲ್ಲಾ ಗ್ರೂಪಲ್ಲಿದೀನಿ. ಕಣ್ಣೀರು ಸುರಿಸ್ಕೊಂಡು ನಗೋ ಹಳದಿ ಗೊಂಬೆಗಳನ್ನ ಸಾಲಾಗಿ ಕಳಿಸ್ತೀರಿ. ಕಳಿಸುವಾಗ ಮುಖ ನೋಡ್ಕೊಂಡಿದೀರಾ? ನಮ್ಮನೆಯೋರದ್ದು ನಾನು ನೋಡಿದೀನಿ. ಕರೆಂಟ್ ಬಿಲ್ ಓದೋರ ಥರ ಇರುತ್ತೆ.

ಇರ್ಲಿ, ವಿಷಯಕ್ಕೆ ಬರ್ತೀನಿ. ಒಂದೇ ಬೆರಳಲ್ಲಿ ಕುಟ್ಟೋಳು ನಾನು, ಜಾಸ್ತಿ ಸುತ್ತಾಡೋಕಾಗಲ್ಲ.

ಮೊಮ್ಮಗಳು ಸಿಂಧೂನ ನೋಡೋಕೆ ಆರ್‌ಆರ್ ನಗರದಿಂದ ಗಂಡಿನ ಕಡೆಯೋರು ಬರೋರಿದ್ರು. "ಮನೇಲಿ ಸೋಫಾ ಮೇಲೆ ಕೂತ್ಕೊಂಡು ಕೇಸರಿಬಾತ್, ಬಜ್ಜಿ ಅಂತೆಲ್ಲಾ ಬೇಡ. ಎಲ್ರೂ ಒಟ್ಟಿಗೆ ನಾಟಕಕ್ಕೆ ಹೋಗೋಣ" ಅಂದ್ಲು ಸಿಂಧು. ವಿಜಯನಗರದಲ್ಲಿ ಶೋ. ಯಾವ ನಾಟಕ ಅಂತೀರಾ? ಬ್ಲಾಕ್ ಅಂಡ್ ವೈಟ್ ಟೀವಿ ಕಾಲದಲ್ಲಿ ವಾರಕ್ಕೊಂದ್ಸಲ ಬರ್ತಿದ್ದ ಕಾಮಿಡಿ ಧಾರಾವಾಹಿ. ನೆಂಟರು ಬಂದ್ರೆ ಬಾಡಿಗೆ ಏರಿಸೋ ಓನರ್ರು, ಅವನ ಕಣ್ಣು ತಪ್ಪಿಸೋಕೆ ಹೆಂಡ್ತಿ ತಾಯೀನ ಬಟ್ಟೆ ಬೀರೂಲಿ ಬಚ್ಚಿಡೋ ಬಾಡಿಗೆದಾರ. ಅದನ್ನೇ ಈಗಿನ ಹುಡುಗ್ರು ಸ್ಟೇಜಿಗೆ ತಂದಿದಾರೆ.

ನಂಗಂತೂ ಕುಣಿಯೋ ಹಾಗಾಯ್ತು. ನನ್ನ ಸೊಸೆ ರೇಖಾಗೆ ಭಯ ಆಯ್ತು.

"ಅತ್ತೆ, ಒಂದು ಮಾತು. ಇವತ್ತು ದಯವಿಟ್ಟು ನಿಮ್ಮ ನಗು ನಗಬೇಡಿ."

ನನ್ನ ನಗು ನಿಮಗೆ ಪರಿಚಯ ಇಲ್ಲ ಅಲ್ವಾ? ಹಳೇ ಸ್ಕೂಟರ್ ಇದ್ದ ಹಾಗೆ. ಮೊದಲು ಕಿಕ್ ಹೊಡೀಬೇಕು, ಕರ್ ಕರ್ ಅನ್ನುತ್ತೆ. ಸ್ಟಾರ್ಟ್ ಆಗ್ಬಿಟ್ರೆ ಇಡೀ ಬಸವೇಶ್ವರನಗರಕ್ಕೆ ಗೊತ್ತಾಗುತ್ತೆ. ಆಯ್ತಮ್ಮ, ನಗಲ್ಲ ಅಂತ ಮಾತು ಕೊಟ್ಟೆ.

ಹೊರಡೋಕೆ ಮುಂಚೆ ಸಿಂಧು ನನ್ನ ರೂಮಿಗೆ ಬಂದು ಬಾಗಿಲು ಹಾಕಿದ್ಲು. "ಅಜ್ಜಿ, ನಿಂಗೊಂದು ಕೆಲಸ. ನಿಖಿಲ್ ನಗ್ತಾನಾ ಇಲ್ವಾ ನೋಡು."

"ಯಾಕೇ? ಹಲ್ಲು ಸರಿ ಇಲ್ವಾ?"

"ಅಯ್ಯೋ ಅದಲ್ಲ. ಕಾಫಿಗೆ ಸಿಕ್ಕಾಗ ಚೆನ್ನಾಗೇ ಮಾತಾಡ್ದ. ಅವರಮ್ಮನ ಫೋನ್ ಬಂದ ತಕ್ಷಣ ಮುಖ ಇಸ್ತ್ರಿ ಮಾಡ್ಕೊಂಡ. ನಗೋಕೂ ಅಮ್ಮನ ಪರ್ಮಿಷನ್ ತಗೊಳೋನಾದ್ರೆ ನಂಗೆ ಬೇಡ. ಪಕ್ಕದಲ್ಲಿ ಕೂತು ನಾನೇ ಹೇಗೆ ಮುಖ ನೋಡ್ಲಿ? ನೀನು ನೋಡು."

ನೋಡಿ ನನ್ನ ಪಾಡು. ಸೊಸೆ ನಗಬೇಡಿ ಅಂತಾಳೆ, ಮೊಮ್ಮಗಳು ನಗೋರನ್ನ ನೋಡು ಅಂತಾಳೆ.

ಗಂಡಿನ ಕಡೆಯೋರು ನಾಯಂಡಹಳ್ಳಿ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡು ಬರೋಷ್ಟರಲ್ಲಿ ಎರಡನೇ ಬೆಲ್ಲಾಗಿತ್ತು. ನಮಸ್ಕಾರ ನಮಸ್ಕಾರ ಅಂತ ಕತ್ತಲಲ್ಲೇ ಕೂತ್ವಿ. ಹುಡುಗನ ತಾಯಿ ಗಿರಿಜಮ್ಮ ಆ ತುದೀಲಿ, ತೊಡೆ ಮೇಲೆ ಹ್ಯಾಂಡ್‌ಬ್ಯಾಗು, ಮುಖದ ಮೇಲೆ ಏನೂ ಇಲ್ಲ. ಆಮೇಲೆ ನಿಖಿಲ್, ಸಿಂಧು, ನಾನು. ಈ ತುದೀಲಿ ಕಾವಲಿಗೆ ರೇಖಾ.

ನಾಟಕ ಶುರುವಾಯ್ತು. ಹಿಂದಿನ ಸಾಲಲ್ಲೆಲ್ಲಾ ನಗ್ತಾ ಇದಾರೆ. ನಮ್ಮ ಸಾಲು ಶ್ರದ್ಧಾಂಜಲಿ ಸಭೆ! ಹೆಣ್ಣಿನ ಕಡೆಯೋರು ನಕ್ರೆ ಗಂಡಿನ ಕಡೆಯೋರು ಏನನ್ಕೋತಾರೋ, ಗಂಡಿನ ಕಡೆಯೋರು ನಕ್ರೆ ತೂಕ ಕಮ್ಮಿ ಆಗುತ್ತೇನೋ. ಟೀವೀಲಾದ್ರೆ ನಗು ಡಬ್ಬದೊಳಗಿಂದನೇ ಬರ್ತಿತ್ತು, ನಾವು ಸುಮ್ನೆ ಕೂತ್ರೂ ನಡೀತಿತ್ತು. ನಾಟಕಕ್ಕೆ ನಗು ಮನೆಯಿಂದ ತಂದ್ಕೋಬೇಕು ಕಣ್ರೀ. ಆ ಹುಡುಗ್ರು ಮೈ ಬೆವರಿಸ್ಕೊಂಡು ಕುಣೀತಾ ಇದ್ರೆ ಮುಂದೆ ಕೂತೋರು ಹೀಗಿದ್ರೆ ಪಾಪ ಅಲ್ವಾ?

ಬಗ್ಗಿ ನೋಡ್ದೆ. ನಿಖಿಲ್ ತುಟಿ ಕಚ್ಕೊಂಡು ಕೂತಿದಾನೆ. ಒಂದು ಕಣ್ಣು ಸ್ಟೇಜ್ ಮೇಲೆ, ಒಂದು ಕಣ್ಣು ಅಮ್ಮನ ಮೇಲೆ. ಸಿಂಧು ಮೆಲ್ಲಗೆ ಕೇಳಿದ್ಲು, "ಏನಜ್ಜಿ?" ನಾನು ತಲೆ ಅಲ್ಲಾಡಿಸ್ದೆ. ಅವಳ ಮುಖ ಬಾಡೋಯ್ತು. ಇಷ್ಟ ಆಗಿದಾನೆ ಅಂತ ಆಗ್ಲೇ ನಂಗೆ ಗೊತ್ತಾಗಿದ್ದು.

ಆಮೇಲೆ ಬಂತು ಬೀರು ಸೀನು. ಅತ್ತೆ ಒಳಗೆ. ಓನರ್ರು ಬೀರುಗೇ ಒರಗಿ ನಿಂತು, ಕೋಡುಬಳೆ ತಟ್ಟೆ ಕೈಲಿಟ್ಕೊಂಡು ಬಾಡಿಗೆ ಬಗ್ಗೆ ಭಾಷಣ. ಬೀರು ಬಾಗಿಲು ಒಂಚೂರು ತೆಗೀತು. ಬಳೆ ಹಾಕಿದ ಕೈಯೊಂದು ಬಂದು ಒಂದು ಕೋಡುಬಳೆ ತಗೊಂಡು ಹೋಯ್ತು. ಸೆರಗು ಬಾಯಿಗೆ ತುರುಕ್ಕೊಂಡೆ. ಮತ್ತೆ ಬಂತು, ತಟ್ಟೇನೇ ಎತ್ಕೊಂಡು ಹೋಯ್ತು. ಉಸಿರು ಬಿಗಿ ಹಿಡಿದೆ. ಮೂರನೇ ಸಲ ಕೈ ಬಂತು ನೋಡಿ, ಖಾಲಿ ತಟ್ಟೆ ಚಾಚಿ, ಇನ್ನಷ್ಟು ಹಾಕಿ ಅಂತ ಅಲ್ಲಾಡಿಸ್ತು.

ಕರ್... ಕರ್... ಸ್ಕೂಟರ್ ಸ್ಟಾರ್ಟ್!

ರೇಖಾ ತೊಡೆ ಚಿವುಟಿದ್ಲು. ಆಕ್ಸಿಲರೇಟರ್ ಕೊಟ್ಟ ಹಾಗಾಯ್ತು ಅಷ್ಟೆ. ಸ್ಟೇಜ್ ಮೇಲಿದ್ದ ಓನರ್ರು ಡೈಲಾಗ್ ನಿಲ್ಲಿಸಿ, ಹಣೆಗೆ ಕೈ ಅಡ್ಡ ಇಟ್ಕೊಂಡು ನಮ್ಮ ಸಾಲಿನ ಕಡೆ ನೋಡ್ದ. "ಓಹೋ! ಅಲ್ಲೂ ಒಬ್ರನ್ನ ಬಚ್ಚಿಟ್ಟಿದೀರಾ? ಅವರದ್ದೂ ಬಾಡಿಗೆ ಸೇರಿಸ್ತೀನಿ!"

ಇಡೀ ಹಾಲ್ ಬಿದ್ದು ಬಿದ್ದು ನಕ್ತು.

ನಾನು ನಗ್ತಾನೇ ನಿಖಿಲ್ ಕಡೆ ನೋಡ್ದೆ. ಅವನು ಅಮ್ಮನ ಕಡೆ ತಿರುಗಿದ. ಗಿರಿಜಮ್ಮ ಕಲ್ಲಿನ ಥರ ಕೂತಿದಾರೆ. ಮುಗೀತು, ಹುಡುಗಿ ಬೇಡ ಅಂತಾಳೆ ಅನ್ಕೊಂಡೆ. ಅಷ್ಟರಲ್ಲಿ ಅದೇ ಕಲ್ಲಿನ ಮುಖ ನೋಡ್ತಾ ನೋಡ್ತಾನೇ ಅವನು ಭುಸ್ ಅಂದ! ಆಮೇಲೆ ಹಿಡಿಯೋರಿಲ್ಲ. ಮಂಡಿ ಮಂಡಿ ಚಚ್ಕೊಂಡ. ಕನ್ನಡಕ ಜಾರಿ ಸಿಂಧು ಮಡಿಲಿಗೇ ಬಿತ್ತು. ಅಮ್ಮ ಇನ್ನೂ ನಕ್ಕಿಲ್ಲ, ಇವನು ನಗ್ತಾ ಇದಾನೆ! ಸಿಂಧು ನನ್ನ ಕೈ ಹಿಡಿದು ಎಷ್ಟು ಜೋರಾಗಿ ಅಮುಕಿದ್ಲು ಅಂದ್ರೆ ಬಳೆ ಒತ್ತೋಯ್ತು.

ಗಿರಿಜಮ್ಮನ ಹ್ಯಾಂಡ್‌ಬ್ಯಾಗ್ ಅಲುಗಾಡ್ತಾ ಇತ್ತು. ನಗೂಗೋ ಕೋಪಕ್ಕೋ? ಕತ್ತಲಲ್ಲಿ ಗೊತ್ತಾಗಲಿಲ್ಲ. ನಾಟಕ ಮುಗಿದ ಮೇಲೆ "ಫೋನ್ ಮಾಡ್ತೀವಿ" ಅಂತಷ್ಟೇ ಹೇಳಿ ಹೊರಟ್ರು. ರೇಖಾ ಮನೆ ಸೇರೋವರೆಗೂ ನನ್ನ ಜೊತೆ ಮಾತಾಡಲಿಲ್ಲ. ಸಿಂಧು ಮಾತ್ರ ನನ್ನ ಕೆನ್ನೆಗೆ ಮುತ್ತು ಕೊಟ್ಟು, "ನಂಗೆ ಓಕೆ ಅಜ್ಜಿ. ಇನ್ನು ಅವರಮ್ಮ ಏನಂತಾರೋ!" ಅಂದ್ಲು.

ಅಂದ್ರೆ ತಪ್ಪಾದ್ರೆ ಎಲ್ಲಾ ನನ್ನ ತಲೆ ಮೇಲೆ.

ಆದ್ರೂ ಹೇಳ್ತೀನಿ, ಹುಡುಗ ಹುಡುಗಿ ನೋಡೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಸಂಬಳ, ಸೈಟು, ಜಾತಕ ಎಲ್ಲಾ ಕೇಳ್ತೀರಲ್ಲ, ಒಟ್ಟಿಗೆ ನಗ್ತಾರಾ ಅಂತ ಯಾರಾದ್ರೂ ಕೇಳ್ತೀರಾ?

ನಿನ್ನೆ ಫೋನ್ ಬಂತು. ರೇಖಾ ಎತ್ಕೊಳೋಕೆ ಮುಂಚೆ ನಾನೇ ಎತ್ಕೊಂಡೆ. ಸುಮ್ನೆ ಇರೋಕಾಗುತ್ತಾ? ಕೇಳೇಬಿಟ್ಟೆ, "ಅವತ್ತು ನಾನು ನಕ್ಕಿದ್ದು ನಿಮಗೇನೂ ಬೇಜಾರಾಗಲಿಲ್ಲ ತಾನೆ, ಗಿರಿಜಮ್ಮ?"

ಅವರು ಗಂಭೀರವಾಗಿ ಹೇಳಿದ್ರು: "ಬೇಜಾರೇನಿಲ್ಲ ದೊಡ್ಡಮ್ಮ. ಮುಹೂರ್ತದ ಹೊತ್ತಲ್ಲಿ ಮಾತ್ರ ನಗಬೇಡಿ, ವಾಲಗದೋರು ಗಟ್ಟಿಮೇಳ ಅನ್ಕೊಂಡು ತಾಳಿ ಕಟ್ಟೋಕೆ ಮುಂಚೇನೇ ಬಾರಿಸಿಬಿಡ್ತಾರೆ!"