ಏರಿಯ ಜೊತೆಗೇ ಇಳಿದ ಕಲ್ಲು

ಹುನಗುಂದದಿಂದ ಇಳಕಲ್ಲಿಗೆ ಹೋಗುವಾಗ ಸಿಗುವ ಹಳ್ಳದ ಸೇತುವೆಗೆ ಕಟ್ಟಿದ ಮಣ್ಣಿನ ಏರಿ ಕುಸಿದದ್ದು ನನ್ನ ತಪ್ಪಿನಿಂದ. ಕೆಲಸ ಹೋದದ್ದು ರೋಲರ್ ಓಡಿಸುತ್ತಿದ್ದ ಮಾಬೂಸಾಬನದು. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ — ಥೂ, ನನ್ನ ಮೇಲೆ ನನಗೇ ಹೇಸಿಗೆ.

ಎಪ್ಪತ್ತರ ದಶಕದ ಕೊನೆ. ಕುರಿ ಕಾಯುವ ಮನೆತನದಲ್ಲಿ ಇಂಜಿನಿಯರ್ ಆದ ಮೊದಲಿಗ ನಾನು. ಆ ಸೊಕ್ಕು ತಲೆಗೇರಿತ್ತು. ಎರೆ ಮಣ್ಣಿನ ಮೇಲೆ ಹಾಕಿದ ಏರಿ ತನ್ನ ಭಾರಕ್ಕೆ ಇಳಿಯುತ್ತದೆ. ಎಷ್ಟು ಇಳಿದೀತು, ಯಾವಾಗ ನಿಂತೀತು ಎಂದು ಮೊದಲೇ ಹೇಳುವ ಲೆಕ್ಕ ನನ್ನದು. ನಿಂತ ಮೇಲೆಯೇ ಡಾಂಬರು. ಇಳಿತ ಅಳೆಯಲು ಅಲುಗಾಡದ ಗುರುತು ಬೇಕು. ದೂರದ ಬಂಡೆಯ ಮೇಲೆ ಗುರುತು ಮಾಡಿ ಅಲ್ಲಿಂದ ಅಳೆಯಬೇಕಿತ್ತು. ಬಿಸಿಲಿತ್ತು — ಇಲ್ಲ, ಮೈಗಳ್ಳತನ — ಏರಿಯ ಬುಡದಲ್ಲೇ, ಅದೇ ಎರೆ ಮಣ್ಣಿನಲ್ಲಿ ಗುರುತಿನ ಕಲ್ಲು ನೆಡಿಸಿದೆ. ಏರಿಯ ಭಾರಕ್ಕೆ ಆ ಕಲ್ಲೂ ಇಳಿಯುತ್ತಿತ್ತು. ಎರಡೂ ಜೊತೆಗೇ ಇಳಿದರೆ ಅಳತೆಯ ದುರ್ಬೀನಿನಲ್ಲಿ ಏನು ವ್ಯತ್ಯಾಸ ಕಾಣಬೇಕು?

"ಇಳಿಯೂದು ನಿಂತೈತ್ರಿ" ಎಂದು ಎದೆಯುಬ್ಬಿಸಿ ಹೇಳಿದೆ. ಡಾಂಬರು ಬಿತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಸೇತುವೆಯ ಬಾಯಲ್ಲಿ ರಸ್ತೆ ಮೊಣಕಾಲುದ್ದ ಕುಸಿಯಿತು. ಓಡಿಹೋಗಿ ನೋಡಿದರೆ ನನ್ನ ಕಲ್ಲು ಏರಿಯ ಕಡೆಗೆ ವಾಲಿ, ಮಣ್ಣಲ್ಲಿ ಹೂತುಹೋಗಿತ್ತು. ಆಗಲೇ ಎಲ್ಲ ತಿಳಿಯಿತು. ಬೇರೆಯವರು ನೋಡುವ ಮೊದಲೇ ಕಲ್ಲು ಕೀಳಿಸಿ ಹಳ್ಳಕ್ಕೆ ಹಾಕಿಸಿದೆ.

ವಿಚಾರಣೆಗೆ ಬಾಗಲಕೋಟೆಯಿಂದ ದೊಡ್ಡ ಸಾಹೇಬರು ಬಂದರು. ಮಾಬೂಸಾಬ ಮಣ್ಣನ್ನು ಸರಿಯಾಗಿ ಗಟ್ಟಿ ಮಾಡಿಲ್ಲವೆಂದು ಅವರ ಅನುಮಾನ.

"ಅಂವ ರೋಲರ್ ಬರೋಬ್ಬರಿ ಓಡಿಸಿದ್ನೇನ್ರಿ?"

ಅವನು ಸರಿಯಾಗಿ ಓಡಿಸಿದ್ದನ್ನು ದಿನವೂ ಎದುರಿಗೆ ನಿಂತು ನೋಡಿದವನು ನಾನು. ಆದರೂ —

"ಖಾತ್ರಿ ಹೇಳಾಕ ಬರೂದಿಲ್ರಿ, ಸಾಹೇಬ್ರ."

ಆ ಒಂದು ಮಾತಿಗೆ ವಾರದೊಳಗೆ ಅವನನ್ನು ತೆಗೆದುಹಾಕಿದರು. ಮುಂದೆ ಇಳಕಲ್ಲಿನ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ, ಅಲ್ಲೇ ತೀರಿಕೊಂಡ ಎಂದು ಕೇಳಿದೆ. ನನಗೆ ಬಡ್ತಿ ಬಂತು. ಊರಲ್ಲಿ ಶಾಲು ಹೊದಿಸಿದರು, ಹೊದ್ದುಕೊಂಡೆ.

ಸುಳ್ಳು ಹೇಳಿ ಹೊರಗೆ ಬಂದ ಆ ಗಳಿಗೆಯನ್ನೂ ಹೇಳಿಬಿಡಬೇಕು. ಮಾಬೂಸಾಬ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದ.

"ಏನ್ರಿ ಕೇಳಿದ್ರು ದೊಡ್ಡ ಸಾಹೇಬ್ರು?"

"ನಿನ್ನ ರೋಲರ್ ಸುದ್ದಿ."

"ಮತ್ಯಾಕ ಮಾರಿ ಸಣ್ಣದ್ ಮಾಡೀರಿ? ನೀವ್ ಅದೀರಲ್ಲ ನನ್ ಪರ ಹೇಳಾಕ. ರೋಲರ್ ಮ್ಯಾಲ ಕುಂತು ಕುಂತು ನೀ ಮನ್ಯಾಗೂ ಹಂಗ ತೆವಳತಿ ಅಂತಾಳ ನನ್ ಹೇಂತಿ!" ಅವನೇ ನಕ್ಕು, ರೊಟ್ಟಿ ಮುರಿದು ಕೊಟ್ಟ. "ಕುಂಡ್ರಿ, ಉಣ್ರಿ."

ಕೂತೆ. ಉಂಡೆ. ಇನ್ನಷ್ಟು ಚಟ್ನಿ ಹಾಕೆಂದು ಕೈಯನ್ನೂ ಚಾಚಿದೆ.