ಹನ್ನೆರಡು ತೊಟ್ಟಿಗಳ ಊಟದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಚಾವಣಿಯ ಉದ್ದನೆಯ ಶೆಡ್ಡಿನಲ್ಲಿ ಹನ್ನೆರಡು ನೀಲಿ ತೊಟ್ಟಿಗಳು ಗುಳುಗುಳು ಎನ್ನುತ್ತಿವೆ. ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಮೊದಲ ತೊಟ್ಟಿಯ ಅಂಚಿಗೆ ಮೊಣಕೈ ಊರಿ ಚಿಟಿಕೆ ಕಾಳು ಉದುರಿಸುತ್ತಾರೆ. ನೀರು ಕುದಿ ಬಂದಂತೆ ಮೀನುಗಳು ಮೇಲೇಳುತ್ತವೆ. “ತಾಳ್ರೋ ಹೊಟ್ಟೆಬಾಕರಾ, ಎಲ್ರಿಗೂ ಇದೆ!”

ಇಲ್ಲಿ ಎಲ್ಲರ ಬಾಯಲ್ಲೂ ಅವರು ‘ಊಟದಕ್ಕ’. ಸಾಕಿದ ಮೀನಿನ ಮೇವಿಗೆ ಕಡಲಿನ ಸಣ್ಣ ಮೀನನ್ನೇ ಒಣಗಿಸಿ ಪುಡಿ ಮಾಡಿ ಬೆರೆಸುವುದು ರೂಢಿ. ಆ ಪುಡಿಯ ಬದಲು ಸೋಯಾ ಹಿಂಡಿಯೋ ನೊಣದ ಹುಳುವೋ ಆದೀತೇ ಎಂಬ ಪರೀಕ್ಷೆ ಈ ಶೆಡ್ಡಿನಲ್ಲಿ ನಡೆಯುತ್ತದೆ. ಮೇವು ಕಲಸುವವರು ವಿಜ್ಞಾನಿಗಳು, ಮೀನಿನ ಬಾಯಿಗೆ ಮುಟ್ಟಿಸುವವರು ಊಟದಕ್ಕ. ಮೀನು ಸಾಕೆನ್ನುವವರೆಗೆ ಹಾಕಬೇಕು. ಆಮೇಲೆ ತಳದಲ್ಲಿ ಉಳಿದದ್ದನ್ನು ಕೊಳವೆಯಿಂದ ಹೀರಿ ತೆಗೆದು, ಒಣಗಿಸಿ ತೂಗಬೇಕು; ಮೀನು ಎಷ್ಟು ತಿಂದಿತೆಂಬ ಲೆಕ್ಕ ಸಿಗುವುದು ಅದರಿಂದಲೇ. ದಿನಕ್ಕೆ ಮೂರು ಹೊತ್ತು ಇದೇ ಕೆಲಸ. ಭಾನುವಾರವೆಂದರೆ ಮೀನಿನ ಹೊಟ್ಟೆ ಕೇಳೀತೇ?

ಮೊದಲು ಅವರು ಬಂದರಿನ ಕಟ್ಟೆಯಲ್ಲಿ ಮೀನು ಆರಿಸುತ್ತಿದ್ದರು. “ಬೆರಳಿನಷ್ಟು ಮರಿಗಳು. ಸಲಿಕೇಲಿ ಗೋರಿ ಪುಡಿ ಕಾರ್ಖಾನೆ ಲಾರಿಗೆ ತುಂಬ್ತಿದ್ವಿ. ಹೊಟ್ಟೆಪಾಡು, ಮಾಡ್ದೆ. ಆದ್ರೆ ಕರುಳು ಚುರ್ ಅನ್ನೋದು.” ಬರಬರುತ್ತಾ ದೋಣಿಗಳು ಬರಿಗೈಲಿ ಮರಳಿದವು, ಕಟ್ಟೆಯ ಕೆಲಸವೂ ನಿಂತಿತು. ದೋಣಿ ಎಂಜಿನ್ ರಿಪೇರಿ ಮಾಡುವ ಗಂಡ ಈಗ ನಗುತ್ತಾರೆ: “ನಂಗೆ ಬಡಿಸೋಕೆ ಪುರುಸೊತ್ತಿಲ್ಲ, ಮೀನಿಗಾದ್ರೆ ಕೂತು ಉಣ್ಣಿಸ್ತಾಳೆ!”

ಕಳೆದ ವರ್ಷ ಹುಳುವಿನ ಮೇವಿನ ಸರದಿ. ಅದು ಗೆಲ್ಲಲಿ ಎಂದು ಊಟದಕ್ಕನಷ್ಟು ಹಂಬಲಿಸಿದವರು ಇನ್ನೊಬ್ಬರಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಮೀನುಗಳು ಕಾಳನ್ನು ಬಾಯಿಗೆ ಹಾಕಿಕೊಂಡು ಉಗುಳತೊಡಗಿದವು. ತಳದಲ್ಲಿ ರಾಶಿ ಬಿತ್ತು.

“ಅಕ್ಕಾ, ಒಂಚೂರು ಕಮ್ಮಿ ತೂಗಿಬಿಡಿ. ಯಾರಿಗೆ ಗೊತ್ತಾಗುತ್ತೆ?” ಎಂದರು ಶೆಡ್ಡಿನ ಎಲೆಕ್ಟ್ರಿಷಿಯನ್, ಊಟದಕ್ಕನ ಸಪ್ಪೆ ಮುಖ ನೋಡಲಾರದೆ.

“ಮೀನಿಗೆ ಗೊತ್ತಾಗುತ್ತಲ್ಲಪ್ಪ.”

ನೇರ ವಿಜ್ಞಾನಿಯ ಕೋಣೆಗೆ ನಡೆದರು. “ಮೇಡಂ, ಉಗೀತಿವೆ. ಬಂದು ನೋಡಿ.”

ಪರೀಕ್ಷೆ ನಿಂತಿತು. ಆ ಮೇವಿನ ತಯಾರಿಗೆ ತಿಂಗಳುಗಟ್ಟಲೆ ದುಡಿದದ್ದು ನೀರುಪಾಲು. ಹಾಕುವ ಕೈಯೇ ಸರಿಯಿಲ್ಲ ಎಂದು ಗೊಣಗಿದವರೂ ಉಂಟು. ಊಟದಕ್ಕ ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತರು. ಮರುದಿನ ಎಂದಿನ ಹೊತ್ತಿಗೇ ಬೂಟು ತೊಟ್ಟರು.

ತಪ್ಪು ಕೊನೆಗೆ ಸಿಕ್ಕಿತು: ಹುಳುವಿನ ಕೊಬ್ಬು ಕಮಟು ಹಿಡಿದಿತ್ತು. ಈ ವರ್ಷ ಕೊಬ್ಬನ್ನು ಹಿಂಡಿ ತೆಗೆದು, ಮೀನುಪುಡಿಯ ಅರ್ಧ ಪಾಲಿನ ಬದಲು ಹುಳುವಿನ ಪುಡಿ ಬೆರೆಸಿದ್ದಾರೆ. ತಳ ಸ್ವಚ್ಛ, ಮೀನುಗಳು ಬರೀ ಮೀನುಪುಡಿಯ ಮೇವು ತಿಂದವಕ್ಕೆ ಸರಿಸಮವಾಗಿ ಮೈದುಂಬಿವೆ. “ಅವತ್ತು ಇವರು ಸುಮ್ಮನಿದ್ದಿದ್ರೆ ಕೆಟ್ಟ ಮೇವೇ ಸಾಕಣೆದಾರರ ಕೊಳಕ್ಕೆ ಹೋಗಿರೋದು,” ಎನ್ನುತ್ತಾರೆ ಮೇಡಂ.

ಹೊಗಳಿಕೆ ಕಿವಿಗೆ ಬಿದ್ದರೆ ಊಟದಕ್ಕ ಬಕೆಟ್ ಎತ್ತಿಕೊಂಡು ಆಚೆ ಸರಿಯುತ್ತಾರೆ. ಬಹಳ ಕೆದಕಿದ ಮೇಲೆ ಒಂದು ಆಸೆ ಹೊರಬೀಳುತ್ತದೆ.

“ಯಾರದ್ದೋ ಕೊಳದ ದಂಡೇಲಿ ಸುಮ್ನೆ ನಿಂತು ನೋಡ್ಬೇಕು. ಅವ್ರು ಈ ಮೇವು ಎರಚ್ಬೇಕು, ಮೀನು ಎದ್ದು ಬರ್ಬೇಕು. ನಾನ್ಯಾರು ಅಂತ ಅವ್ರಿಗೆ ಹೇಳೋದೇನೂ ಬೇಡ. ಉಗೀದೆ ತಿಂದ್ರೆ ಸಾಕು.”